ಚಾರ್ಲಿ ವಾಟ್ಸ್ ದೊಡ್ಡವರೋ, ನೀಲ್ ಪಿಯರ್ಟ್ ದೊಡ್ಡವರೋ?

ಪ್ರಶ್ನೆ: ನನಗೆ 22 ವರ್ಷ. ಎರಡು ವರ್ಷದಿಂದ ಡ್ರಮ್ಸ್ ಕಲಿಯುತ್ತಿದ್ದೇನೆ. ನನ್ನ ಸೋದರಮಾವ 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ನೋಡಿದವರು. ಆ ಬ್ಯಾಂಡಿನ ಚಾರ್ಲಿ ವಾಟ್ಸ್‌ಗಿಂತ ದೊಡ್ಡ ರಾಕ್ ಡ್ರಮ್ಮರ್ ಹುಟ್ಟೇ ಇಲ್ಲ ಅನ್ನುತ್ತಾರೆ. ನನಗೆ ರಶ್ ಬ್ಯಾಂಡಿನ ನೀಲ್ ಪಿಯರ್ಟ್ ಅಂದ್ರೆ ಪ್ರಾಣ. ಚಾರ್ಲಿ ನುಡಿಸೋದನ್ನ ನಾನು ಆರು ತಿಂಗಳಲ್ಲೇ ಕಲಿತೆ ಅಂದರೆ ಮಾವನಿಗೆ ಸಿಟ್ಟು ಬರುತ್ತದೆ. "ಎದುರಿಗೆ ನಿಂತು ನೋಡದವನಿಗೆ ಏನೋ ಗೊತ್ತು" ಅನ್ನುತ್ತಾರೆ. ಯಾರು ಸರಿ? ವಿಡಿಯೋದಲ್ಲಿ ನೋಡುವುದಕ್ಕೂ ಲೈವ್ ನೋಡುವುದಕ್ಕೂ ನಿಜವಾಗಿ ಅಷ್ಟೊಂದು ವ್ಯತ್ಯಾಸ ಇದೆಯಾ?

ಉತ್ತರ: ನಿಮ್ಮ ಮಾವ ನಿಂತಿದ್ದ ಮೈದಾನದಲ್ಲಿ ಅವತ್ತು ನಾನೂ ಇದ್ದೆ. 2003ರ ಏಪ್ರಿಲ್ 4. ಸ್ಟೋನ್ಸ್ ಭಾರತದಲ್ಲಿ ಮೊದಲ ಸಲ ನುಡಿಸಿದ್ದು ಅವತ್ತೇ. ಮೂರು ದಿನ ಬಿಟ್ಟು ಮುಂಬೈಯಲ್ಲಿ ನುಡಿಸಿದರು. ಹಾಗಾಗಿ ಈ ಜಗಳದಲ್ಲಿ ನಾನು ಹೊರಗಿನವನಲ್ಲ. ಆದರೆ ಇಪ್ಪತ್ತೈದು ವರ್ಷದಿಂದ ಡ್ರಮ್ಸ್ ಹೇಳಿಕೊಡುತ್ತಾ ಬಂದಿದ್ದೇನೆ. ನೀಲ್ ಪಿಯರ್ಟ್ ಫಿಲ್ (ಬೀಟಿನ ನಡುವೆ ತುಂಬುವ ಪುಟ್ಟ ಪೆಟ್ಟಿನ ಸರಣಿ) ಒಂದನ್ನು ಮೊದಲ ಸಲ ಸರಿಯಾಗಿ ನುಡಿಸಿದಾಗ ಮಕ್ಕಳ ಮುಖ ಹೇಗೆ ಅರಳುತ್ತದೆ ಅಂತ ನನಗೆ ಗೊತ್ತು. ನಿಮ್ಮ ಪ್ರೀತಿಯನ್ನು ತಳ್ಳಿಹಾಕುವವನೂ ನಾನಲ್ಲ.

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತಗೊಳ್ತೀನಿ. ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಅರ್ಧ ತಾನಾಗೇ ಬಿಡಿಸಿಕೊಳ್ಳುತ್ತದೆ.

ಆ ಸಂಜೆ ನನ್ನ ಕೈಯಲ್ಲಿ ಒಂದು ದುರ್ಬೀನು ಇತ್ತು. ಹಕ್ಕಿ ನೋಡುವ ಹುಚ್ಚಿದ್ದ ಗೆಳೆಯನ ಹತ್ತಿರ ಕೇಳಿ ತಂದದ್ದು. ಮಿಕ್ ಜಾಗರ್ ಓಡಾಡುವುದನ್ನು ನೋಡುವುದಕ್ಕಲ್ಲ, ಚಾರ್ಲಿಯ ಬಲಗೈ ನೋಡುವುದಕ್ಕೆ. ನಾನು ನಿಂತಿದ್ದು ತುಂಬ ಹಿಂದೆ. ಮೊದಲ ಹಾಡು ಶುರುವಾಯಿತು, ದುರ್ಬೀನು ಏರಿಸಿದೆ, ಗಾಬರಿಯಾಯಿತು. ಸ್ಟಿಕ್ ಸ್ನೇರ್ ಅನ್ನುವ, ಎದುರಿಗಿರುವ ಡ್ರಮ್ಮಿನ ಮೇಲೆ ಬೀಳುತ್ತದೆ, ಸದ್ದಿಲ್ಲ. ಸ್ಟಿಕ್ ಮೇಲೆದ್ದ ಮೇಲೆ 'ಟಪ್' ಅಂತ ಕೇಳುತ್ತದೆ. ಕೈಗೂ ಹಾಡಿಗೂ ಸಂಬಂಧವೇ ಇಲ್ಲ ಅನ್ನೋ ಹಾಗೆ.

ಇದರಲ್ಲಿ ವಿಚಿತ್ರ ಏನೂ ಇಲ್ಲ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೀವು ವೇದಿಕೆಯಿಂದ 100 ಮೀಟರ್ ದೂರ ನಿಂತರೆ ಸದ್ದು ಸುಮಾರು 0.3 ಸೆಕೆಂಡು ತಡವಾಗಿ ಬರುತ್ತದೆ. ನಿಮಿಷಕ್ಕೆ 120 ಬೀಟಿನ ಹಾಡಾದರೆ ಒಂದು ಬೀಟಿಗೆ ಅರ್ಧ ಸೆಕೆಂಡು. ಅಂದರೆ 170 ಮೀಟರ್ ದೂರದಲ್ಲಿ ನಿಂತವರು ಕಣ್ಣಲ್ಲಿ ಎರಡನೇ ಪೆಟ್ಟು ನೋಡುವಾಗ ಕಿವಿಗೆ ಮೊದಲನೇ ಪೆಟ್ಟು ಬೀಳುತ್ತಿರುತ್ತದೆ. ದೊಡ್ಡ ಮೈದಾನದಲ್ಲಿ ಡ್ರಮ್ಮರ್‌ನ ಕೈ ನೋಡಿ ತೀರ್ಪು ಕೊಡುತ್ತೇನೆ ಅನ್ನುವವರು ಎಲ್ಲಿ ನಿಂತಿದ್ದರು ಅಂತ ಮೊದಲು ಕೇಳಬೇಕು. ನಿಮ್ಮ ಮಾವನನ್ನೂ ಕೇಳಿ. ಕೆಣಕುವುದಕ್ಕಲ್ಲ, ಅವರಿಗೂ ಆ ಸಂಜೆ ಮತ್ತೆ ನೆನಪಾಗುತ್ತದೆ.

ಹಾಗಾದರೆ ವಿಡಿಯೋನೇ ವಾಸಿ ಅಲ್ವಾ ಅಂದುಕೊಳ್ಳಬೇಡಿ. ವಿಡಿಯೋ ನೀವು ನೋಡುವುದು ಫೋನಿನಲ್ಲಿ. ಕಾಲಿನ ಪೆಡಲಿನಿಂದ ಹೊಡೆಯುವ ದೊಡ್ಡ ಬೇಸ್ ಡ್ರಮ್ಮಿನ ಹೊಟ್ಟೆಯಿಂದ ಬರುವ ಕೆಳಗಿನ ಸದ್ದನ್ನು ಹೊರಡಿಸುವ ತಾಕತ್ತು ಫೋನಿನ ಪುಟ್ಟ ಸ್ಪೀಕರಿಗೆ ಇಲ್ಲ. ಪೆಡಲ್ ಚರ್ಮಕ್ಕೆ ತಾಗುವ 'ಟಿಕ್' ಮಾತ್ರ ಕೇಳುತ್ತದೆ, 'ಧುಂ' ಕೇಳುವುದೇ ಇಲ್ಲ. ಲೋಹದ ತಟ್ಟೆಯಂಥ ಸಿಂಬಲ್, ಸ್ನೇರ್, ಟಾಮ್ ಅನ್ನುವ ಚಿಕ್ಕ ಡ್ರಮ್‌ಗಳು ಚೆನ್ನಾಗಿ ಕೇಳುತ್ತವೆ. ಜೊತೆಗೆ ಕ್ಯಾಮೆರಾ ಯಾವಾಗಲೂ ಕೈಯ ಹಿಂದೆ ಓಡುತ್ತದೆ. ಹೀಗಾಗಿ ಜಾಸ್ತಿ ಪೆಟ್ಟು ಹೊಡೆಯುವವರು ವಿಡಿಯೋದಲ್ಲಿ ದೊಡ್ಡವರಾಗಿ ಕಾಣುತ್ತಾರೆ. ಕಾಲಲ್ಲಿ ಇಡೀ ಹಾಡನ್ನು ಹೊತ್ತವರು ಸಣ್ಣವರಾಗಿಬಿಡುತ್ತಾರೆ. ಲೈವ್‌ನಲ್ಲಿ ಇದು ತಲೆಕೆಳಗಾಗುತ್ತದೆ. ಅಲ್ಲಿ ಬೇಸ್ ಡ್ರಮ್ ಕಿವಿಗಿಂತ ಮೊದಲು ಎದೆಗೂಡಿಗೆ ತಾಗುತ್ತದೆ. ಪಕ್ಕದಲ್ಲಿ ನಿಂತ ಸಾವಿರ ಜನರ ತಲೆ ಯಾವ ಕ್ಷಣಕ್ಕೆ ಕೆಳಗಿಳಿಯುತ್ತದೆ ಅನ್ನುವುದು ಗೊತ್ತಾಗುತ್ತದೆ. ಆ ಕ್ಷಣವನ್ನು ನಿರ್ಧರಿಸುವುದೇ ಡ್ರಮ್ಮರ್ ಕೆಲಸ.

ನಾನು ಡ್ರಮ್ಮರ್‌ಗಳನ್ನು ಅಳೆಯುವುದು ಇದರಿಂದಲೇ. ಎಷ್ಟು ಪೆಟ್ಟು ಅನ್ನುವುದರಿಂದ ಅಲ್ಲ. ಪೆಟ್ಟು ಎಲ್ಲಿ ಬಿತ್ತು, ಅದು ಬಿದ್ದಾಗ ಪಕ್ಕದಲ್ಲಿರುವ ಗಿಟಾರಿಗೆ, ಬೇಸ್ ಗಿಟಾರಿಗೆ, ಹಾಡುವವರಿಗೆ ಏನಾಯಿತು ಅನ್ನುವುದರಿಂದ.

ಈಗ ಚಾರ್ಲಿ. ನಾಲ್ಕೈದು ಹಾಡಾದ ಮೇಲೆ ಜನರ ನಡುವೆ ನುಸುಳಿಕೊಂಡು ಸಾಕಷ್ಟು ಮುಂದೆ ಹೋದೆ. ಅಷ್ಟು ಹತ್ತಿರದಿಂದ ಕೈಗೂ ಸದ್ದಿಗೂ ಹೊಂದಿಕೆ ಬಂತು. ಅಷ್ಟು ದೊಡ್ಡ ವೇದಿಕೆಯ ಮೇಲೆ ಅವರ ಕಿಟ್ ಒಂದು ಆಟಿಕೆಯ ಹಾಗೆ ಕಾಣುತ್ತಿತ್ತು. 1957ರ ಗ್ರೆಚ್ ಕಿಟ್ ಅದು. ಬೇಸ್ ಡ್ರಮ್, ಸ್ನೇರ್, ಒಂದು ಟಾಮ್, ಒಂದು ಫ್ಲೋರ್ ಟಾಮ್, ಕೆಲವೇ ಸಿಂಬಲ್. ಇಷ್ಟೇ. ಆಗ ಅವರಿಗೆ 61 ವರ್ಷ. ಎಡಗೈಯಲ್ಲಿ ಸ್ಟಿಕ್ ಹಿಡಿದಿದ್ದು ಹಳೆಯ ಜ್ಯಾಝ್‌ನವರ ಥರ, ಅಂಗೈ ಮೇಲೆ ಮಾಡಿ.

ಬಲಗೈ ಹೀಗೆ ಮಾಡುತ್ತಿತ್ತು. ಸಾಮಾನ್ಯ ರಾಕ್ ಬೀಟಿನಲ್ಲಿ ಬಲಗೈ ಹೈ-ಹ್ಯಾಟ್ (ಒಂದರ ಮೇಲೊಂದು ಇಟ್ಟ ಜೋಡಿ ಸಿಂಬಲ್) ಮೇಲೆ ಎಂಟು ಸಲ ಬೀಳುತ್ತದೆ. ಮೂರನೇ ಪೆಟ್ಟಿಗೆ, ಏಳನೇ ಪೆಟ್ಟಿಗೆ ಎಡಗೈ ಸ್ನೇರ್ ಹೊಡೆಯುತ್ತದೆ. ನಾವೆಲ್ಲ ಎರಡೂ ಕೈ ಒಟ್ಟಿಗೆ ಹಾಕುತ್ತೇವೆ. ನಾನು ಮೊದಲ ದಿನ ಹೇಳಿಕೊಡುವ ಪಾಠವೇ ಅದು. ಚಾರ್ಲಿ ಆ ಎರಡು ಜಾಗದಲ್ಲಿ ಬಲಗೈ ಎತ್ತಿಬಿಡುತ್ತಾರೆ. ಹೈ-ಹ್ಯಾಟ್ ಸುಮ್ನೆ ಇರುತ್ತದೆ, ಸ್ನೇರ್ ಒಂಟಿಯಾಗಿ ಬೀಳುತ್ತದೆ. ದುರ್ಬೀನಿನಲ್ಲಿ ಆ ಬಲಗೈ ನೀರು ಮುಟ್ಟಿ ಹಾರುವ ಹಕ್ಕಿಯ ಹಾಗೆ ಏಳುವುದು ಕಾಣುತ್ತಿತ್ತು. ಏಳುತ್ತದೆ, ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ಎರಡು ಗಂಟೆಗೂ ಜಾಸ್ತಿ ಹೊತ್ತು, ಹಾಡಿನ ಮೇಲೆ ಹಾಡು.

ಆ ಒಂದು ಪೆಟ್ಟು ಬಿಡುವುದರಿಂದ ಏನಾಗುತ್ತದೆ? ಸ್ನೇರ್ ಸುತ್ತ ಜಾಗ ಆಗುತ್ತದೆ. ಬೀಟ್ ಮಿಷನ್ ಹಾಗೆ ಓಡುವುದಿಲ್ಲ, ನಡೆಯುವ ಮನುಷ್ಯನ ಹೆಜ್ಜೆ ಹಾಗೆ ಸ್ವಲ್ಪ ತೂಗುತ್ತದೆ. ಕೀತ್ ರಿಚರ್ಡ್ಸ್ ಗಿಟಾರ್ ಆ ಜಾಗದಲ್ಲಿ ಬಂದು ಕೂರುತ್ತದೆ. ಬೇರೆ ಬ್ಯಾಂಡುಗಳಲ್ಲಿ ಗಿಟಾರ್ ಡ್ರಮ್ಸ್ ಹಿಂದೆ ಹೋಗುತ್ತದೆ. ಸ್ಟೋನ್ಸ್‌ನಲ್ಲಿ ಚಾರ್ಲಿ ಕೀತ್ ಹಿಂದೆ ಹೋಗುತ್ತಿದ್ದರು, ಒಂದು ಕೂದಲೆಳೆ ಹಿಂದೆ. ಆ ಕೂದಲೆಳೆಯೇ ಸ್ಟೋನ್ಸ್ ಸದ್ದು.

ನೀವು ಆರು ತಿಂಗಳಲ್ಲಿ ಕಲಿತದ್ದು ಪೆಟ್ಟುಗಳನ್ನು. ಅದು ತಪ್ಪಲ್ಲ, ಎಲ್ಲರೂ ಅಲ್ಲಿಂದಲೇ ಶುರು ಮಾಡುವುದು. ಆದರೆ ಆ ಎತ್ತಿದ ಕೈಯನ್ನು ಐದು ನಿಮಿಷ ಬಿಡದೆ, ಟೆಂಪೊ, ಅಂದರೆ ಹಾಡಿನ ವೇಗ, ಜಾರದಂತೆ ನುಡಿಸಿ ನೋಡಿ. ಮೂರನೇ ನಿಮಿಷಕ್ಕೆ ಕೈ ತಾನಾಗೇ ಹಳೆಯ ಅಭ್ಯಾಸಕ್ಕೆ ಬಿದ್ದಿರುತ್ತದೆ. ನನಗೆ ಅದು ಕೈಗೆ ಕೂರಲು ಒಂದು ವರ್ಷವೇ ಹಿಡಿಯಿತು. 1963ರ ಜನವರಿಯಲ್ಲಿ ಸ್ಟೋನ್ಸ್ ಸೇರಿದ ಚಾರ್ಲಿ, 2021ರ ಆಗಸ್ಟ್ 24ರಂದು ತೀರಿಕೊಳ್ಳುವವರೆಗೂ ಆ ಬ್ಯಾಂಡಿನ ಡ್ರಮ್ಮರ್ ಆಗಿಯೇ ಇದ್ದರು. ಐವತ್ತೆಂಟು ವರ್ಷ.

ಇಷ್ಟು ಓದಿ ನಾನು ಮಾವನ ಕಡೆ ಅಂದುಕೊಂಡಿರಬೇಕು. ತಡೆಯಿರಿ.

ನೀಲ್ ಪಿಯರ್ಟ್ ಜಾಸ್ತಿ ಪೆಟ್ಟು ಹೊಡೆಯುವವರು ಅಂತ ಹೇಳಿ ಪಕ್ಕಕ್ಕೆ ಇಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಅವರು ಕೇಳಿಸಿಕೊಂಡೇ ಇಲ್ಲ. ರಶ್‌ನ 1981ರ 'ವೈ ವೈ ಝಡ್' ಅನ್ನುವ, ಮಾತೇ ಇಲ್ಲದ ಸಂಗೀತ ನಿಮಗೆ ಬಾಯಿಪಾಠ ಇರುತ್ತದೆ. ಟೊರಾಂಟೊ ವಿಮಾನ ನಿಲ್ದಾಣದ ಗುರುತಿನ ಅಕ್ಷರ ಅದು. ಅಲ್ಲಿಯ ರೇಡಿಯೋ ಆ ಮೂರು ಅಕ್ಷರಗಳನ್ನು ಮೋರ್ಸ್ ಕೋಡಿನಲ್ಲಿ ಪೈಲಟ್‌ಗಳಿಗೆ ಕಳಿಸುತ್ತದೆ. ಆ ಗೆರೆ ಮತ್ತು ಚುಕ್ಕೆಗಳೇ ಶುರುವಿನ ತಾಳ.

ಇದನ್ನು ಪಾಶ್ಚಾತ್ಯ ನೊಟೇಶನ್‌ನಲ್ಲಿ ಬರೆದರೆ ತಲೆ ಕೆಡುತ್ತದೆ. ನಾನು ಕ್ಲಾಸಿನಲ್ಲಿ ಹೈಸ್ಕೂಲಿನ ಕನ್ನಡ ವ್ಯಾಕರಣದಿಂದ ಹೇಳಿಕೊಡುತ್ತೇನೆ. ಗೆರೆ ಅಂದರೆ ಗುರು, ಎರಡು ಮಾತ್ರೆ. ಚುಕ್ಕೆ ಅಂದರೆ ಲಘು, ಒಂದು ಮಾತ್ರೆ. ವೈ ಅಕ್ಷರ: ಗುರು, ಲಘು, ಗುರು, ಗುರು. ಏಳು ಮಾತ್ರೆ. ಇನ್ನೊಂದು ವೈ, ಇನ್ನೊಂದು ಏಳು. ಝಡ್: ಗುರು, ಗುರು, ಲಘು, ಲಘು. ಆರು ಮಾತ್ರೆ. ಒಟ್ಟು ಇಪ್ಪತ್ತು. ಪದ್ಯಕ್ಕೆ ಪ್ರಸ್ತಾರ ಹಾಕಿದ ಯಾವ ಕನ್ನಡ ಮೇಷ್ಟ್ರಿಗೂ ಇದು ಒಂದು ನಿಮಿಷದ ಕೆಲಸ. 7, 7, 6. ಒಮ್ಮೆ ಬಾಯಲ್ಲಿ ಹೇಳಿಕೊಂಡು ಆಮೇಲೆ ಕೇಳಿ. ಮೊದಲು ಪುಟ್ಟ ಗಂಟೆಯಂಥ ಲೋಹದ ಬಿಲ್ಲೆಯ ಮೇಲೆ ಪಿಯರ್ಟ್ ಒಬ್ಬರೇ ನುಡಿಸುತ್ತಾರೆ. ಆಮೇಲೆ ಗಿಟಾರ್, ಬೇಸ್ ಎಲ್ಲ ಅದೇ ಪ್ರಸ್ತಾರಕ್ಕೆ ಬಂದು ಕೂರುತ್ತವೆ.

ಪಿಯರ್ಟ್ ಒಂದೊಂದು ಹಾಡಿಗೂ ತಮ್ಮ ಭಾಗವನ್ನು ಬರೆದವರ ಹಾಗೆ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಪ್ರತಿ ರಾತ್ರಿ ಅದನ್ನೇ ನುಡಿಸುತ್ತಿದ್ದರು. ಕೆಲವರು ಇದನ್ನೇ ಕೊರತೆ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಫಿಲ್‌ಗಳು ಜನರಿಗೆ ಸಾಹಿತ್ಯದ ಸಾಲುಗಳ ಹಾಗೆ ಕಂಠಪಾಠ. ಸಭೆಯಲ್ಲಿ ಸಾವಿರಾರು ಕೈಗಳು ಗಾಳಿಯಲ್ಲೇ ಅವನ್ನು ಹೊಡೆಯುತ್ತಿದ್ದವು. 2002ರ ನವೆಂಬರಿನಲ್ಲಿ ರಿಯೊ ಡಿ ಜನೈರೋದ ಮರಕಾನಾ ಸ್ಟೇಡಿಯಮ್ಮಿನಲ್ಲಿ ಇದೇ 'ವೈ ವೈ ಝಡ್' ನುಡಿಸಿದಾಗ ಅಲ್ಲಿಯ ಜನ ಅದನ್ನು ಹಾಡಿದರು. ಮಾತೇ ಇಲ್ಲದ ಸಂಗೀತವನ್ನು ಹಾಡಿದರು! ಅದರ ವಿಡಿಯೋ ಇದೆ. ನೋಡಿದಾಗಲೆಲ್ಲ ನನ್ನ ಮೈ ಜುಂ ಅನ್ನುತ್ತದೆ.

ಪಿಯರ್ಟ್ ಬಗ್ಗೆ ನನಗೆ ಅತಿ ದೊಡ್ಡ ಗೌರವ ಇರುವುದು ಮಾತ್ರ ಬೇರೆ ಕಾರಣಕ್ಕೆ. 1990ರ ದಶಕದ ಮಧ್ಯದಲ್ಲಿ, ನಲವತ್ತು ದಾಟಿದ ಮೇಲೆ, ಲೋಕವೆಲ್ಲ ಗುರು ಅನ್ನುತ್ತಿದ್ದ ಆ ಮನುಷ್ಯ ಫ್ರೆಡ್ಡಿ ಗ್ರೂಬರ್ ಅನ್ನುವ ಹಿರಿಯ ಮೇಷ್ಟ್ರ ಹತ್ತಿರ ಹೋಗಿ ಮತ್ತೆ ಅ ಆ ಇ ಈ ಕಲಿತರು. ಸ್ಟಿಕ್ ಹಿಡಿಯುವ ರೀತಿಯನ್ನೇ ಬದಲಿಸಿದರು, ಚಾರ್ಲಿಯ ಹಿಡಿತಕ್ಕೆ. ಯಾಕೆ? ತಮ್ಮ ಪೆಟ್ಟು ತೀರಾ ಬಿಗಿಯಾಗಿದೆ, ಅದು ಕುಣಿಯುತ್ತಿಲ್ಲ ಅಂತ ಅವರಿಗೇ ಅನ್ನಿಸಿತ್ತು. ನಿಮ್ಮ ಪಿಯರ್ಟ್ ಹುಡುಕಿಕೊಂಡು ಹೋದದ್ದು ನಿಮ್ಮ ಮಾವನ ಚಾರ್ಲಿಗೆ ಸಹಜವಾಗಿ ಇದ್ದದ್ದನ್ನೇ. ಇದನ್ನು ಮಾವನಿಗೆ ಹೇಳಿ. ಹಾಗೇ, ನಲವತ್ತರ ಮೇಲೆ ಶಿಷ್ಯನಾಗುವ ಧೈರ್ಯ ಎಷ್ಟು ದೊಡ್ಡದು ಅಂತಲೂ ಹೇಳಿ.

ಅದಾದ ಸ್ವಲ್ಪ ದಿನಕ್ಕೇ, 1997ರಲ್ಲಿ, ಅವರ ಮಗಳು ಕಾರು ಅಪಘಾತದಲ್ಲಿ ತೀರಿಕೊಂಡಳು. ಮರುವರ್ಷ ಹೆಂಡತಿ ಕ್ಯಾನ್ಸರಿನಿಂದ ಹೋದರು. ಅವರು ಡ್ರಮ್ಸ್ ಬಿಟ್ಟು ಬೈಕ್ ಹತ್ತಿ 88,000 ಕಿಲೋಮೀಟರ್ ತಿರುಗಿದರು. ಆಮೇಲೆ ವಾಪಸ್ ಬಂದರು. ಮರಕಾನಾ ಆಗಿದ್ದು ವಾಪಸ್ ಬಂದ ಮೇಲೆ. 2015ರ ಆಗಸ್ಟ್ 1ರಂದು ಲಾಸ್ ಏಂಜಲಿಸ್‌ನ ಫೋರಮ್‌ನಲ್ಲಿ ಕೊನೆಯ ಸಲ ನುಡಿಸಿದರು. 2020ರ ಜನವರಿ 7ರಂದು ಮೆದುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ರಶ್ ಭಾರತಕ್ಕೆ ಬರಲೇ ಇಲ್ಲ. ಪಿಯರ್ಟ್ ಅವರನ್ನು ನಾನು ಎದುರಿಗೆ ನೋಡಲಿಲ್ಲ, ನೀವೂ ನೋಡಲಿಲ್ಲ. ಈ ದುಃಖದಲ್ಲಿ ನಾವಿಬ್ಬರೂ ಒಂದೇ.

ಇನ್ನು ನನ್ನ ಉತ್ತರ. ನೀವು ಕೇಳಿದ ಇಬ್ಬರಲ್ಲಿ ಒಬ್ಬರನ್ನು ಆರಿಸು ಅಂದರೆ ಚಾರ್ಲಿ. ಆದರೆ ಎಲ್ಲರಿಗಿಂತ ದೊಡ್ಡವರು ಯಾರು ಅಂದರೆ ಇಬ್ಬರೂ ಅಲ್ಲ. ಲೆಡ್ ಝೆಪೆಲಿನ್‌ನ ಜಾನ್ ಬಾನಮ್.

1980ರ ಸೆಪ್ಟೆಂಬರ್ 25ರಂದು ಅವರು ಹೋದಾಗ ಅವರಿಗೆ 32 ವರ್ಷ. ನಾನಾಗ ಚಡ್ಡಿ ಹಾಕುವ ಹುಡುಗ. ಲೈವ್ ಕೇಳುವುದೇ ಮುಖ್ಯ ಅಂದವನು ಲೈವ್ ಕೇಳದವರನ್ನು ಮೇಲೆ ಕೂರಿಸುವುದು ಹೇಗೆ ಅಂತ ನೀವು ಕೇಳಬೇಕು. ಕಾರಣ ಒಂದು ಮೆಟ್ಟಿಲು.

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಹೆಡ್ಲಿ ಗ್ರೇಂಜ್ ಅನ್ನುವ ಹಳೆಯ ದೊಡ್ಡ ಕಟ್ಟಡ ಇದೆ. ಒಂದು ಕಾಲಕ್ಕೆ ಬಡವರನ್ನು ಇಟ್ಟು ದುಡಿಸುತ್ತಿದ್ದ ಜಾಗ. ಝೆಪೆಲಿನ್ ನಾಲ್ಕನೇ ಆಲ್ಬಮ್‌ಗಾಗಿ ಅಲ್ಲಿ ಹೋಗಿ ಉಳಿದರು. ಹೊರಗೆ ರೆಕಾರ್ಡಿಂಗ್ ಲಾರಿ ನಿಂತಿತ್ತು. ಆ ಲಾರಿ ಯಾರದು ಗೊತ್ತಾ? ರೋಲಿಂಗ್ ಸ್ಟೋನ್ಸ್‌ದು! 'ವೆನ್ ದ ಲೆವೀ ಬ್ರೇಕ್ಸ್' ಹಾಡಿಗೆ ಬಾನಮ್ ಅವರ ಕಿಟ್ಟನ್ನು ಹಜಾರದಲ್ಲಿ, ಮೆಟ್ಟಿಲ ಬುಡದಲ್ಲಿ ಇಟ್ಟರು. ಸಾಮಾನ್ಯವಾಗಿ ಒಂದೊಂದು ಡ್ರಮ್ಮಿಗೂ ಮೂಗಿನ ಹತ್ತಿರ ಮೈಕ್ ಇಡುತ್ತಾರೆ. ಎಂಜಿನಿಯರ್ ಆಂಡಿ ಜಾನ್ಸ್ ಹಾಗೆ ಮಾಡಲಿಲ್ಲ. ಮೇಲಿನ ಮೆಟ್ಟಿಲಿನಿಂದ ಎರಡೇ ಎರಡು ಮೈಕ್ ಇಳಿಬಿಟ್ಟರು. ಅವು ಕೇಳಿಸಿಕೊಂಡದ್ದು ಬರೀ ಡ್ರಮ್ಮನ್ನಲ್ಲ. ಡ್ರಮ್ ಮತ್ತು ಆ ಮನೆ, ಎರಡನ್ನೂ.

ನಮ್ಮ ಹಳೆಯ ಮನೆಗಳಲ್ಲಿ ತೊಟ್ಟಿಯಲ್ಲಿ ನಿಂತು ಯಾರಾದರೂ ಜೋರಾಗಿ ಕರೆದರೆ ಮಹಡಿಯ ಮೇಲೆ ಹೇಗೆ ಕೇಳುತ್ತದೆ, ಹಾಗೆ. ಶುರುವಿನಲ್ಲಿ ಬರೀ ಡ್ರಮ್ಸ್. ಪೆಟ್ಟು ಬೀಳುತ್ತದೆ, ಮೇಲೇರುತ್ತದೆ, ಗೋಡೆ ಮುಟ್ಟಿ ಇಳಿಯುತ್ತದೆ, ಆಮೇಲೆ ಮುಂದಿನ ಪೆಟ್ಟು. ಅವಸರ ಇಲ್ಲ. ಮನೆ ಮಾತು ಮುಗಿಸಲಿ ಅಂತ ಬಾನಮ್ ಕಾದಂತೆ ಇರುತ್ತದೆ. ಒಳ್ಳೆಯ ಸ್ಪೀಕರಿನಲ್ಲಿ ಕೇಳಿ, ಫೋನಿನಲ್ಲಿ ಬೇಡ. ನೀವು ಆ ಮೆಟ್ಟಿಲ ಮೇಲೆ ಕೂತಿರುತ್ತೀರಿ. 1971ರ ರೆಕಾರ್ಡು, ಆದರೆ ಅದಕ್ಕಿಂತ ಲೈವ್ ಆದ ಡ್ರಮ್ಸ್ ನಾನು ಕೇಳಿಲ್ಲ.

ಇಷ್ಟೇ ಆಗಿದ್ದರೆ ಒಳ್ಳೆಯ ಮನೆ, ಒಳ್ಳೆಯ ಎಂಜಿನಿಯರ್ ಅನ್ನಬಹುದಿತ್ತು. ಅವರ ಬಲಗಾಲಿನ ಕಥೆ ಬೇರೆಯೇ ಇದೆ. 1969ರ ಮೊದಲ ಆಲ್ಬಮ್, ಮೊದಲ ಹಾಡು 'ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್'. ಬಾಯಲ್ಲಿ ತಕಿಟ ತಕಿಟ ಅನ್ನಿ, ವೇಗವಾಗಿ. ಈಗ 'ತ' ಕೈಗೆ ಬಿಡಿ. 'ಕಿಟ' ಎರಡನ್ನೂ ಬಲಗಾಲಿನಿಂದ ಬೇಸ್ ಡ್ರಮ್ ಮೇಲೆ ಹೊಡೆಯಿರಿ. ಅವತ್ತು ಅದನ್ನು ಕೇಳಿದ ಎಷ್ಟೋ ಡ್ರಮ್ಮರ್‌ಗಳು ಎರಡು ಬೇಸ್ ಡ್ರಮ್ ಇದೆ ಅಂದುಕೊಂಡರು. ಇದ್ದದ್ದು ಒಂದೇ ಡ್ರಮ್, ಒಂದೇ ಪೆಡಲ್, ಒಂದೇ ಕಾಲು. ಇಪ್ಪತ್ತರ ಹುಡುಗ. ನನ್ನ ವಿದ್ಯಾರ್ಥಿಗಳಲ್ಲಿ ಮೃದಂಗ ಕಲಿತು ಬಂದವರು ಇದನ್ನು ಬೇಗ ಹಿಡಿಯುತ್ತಾರೆ. ಬಾಯಿಗೆ ಬಂದದ್ದು ಕಾಲಿಗೆ ಬರಲು ಜಾಸ್ತಿ ದಿನ ಬೇಡ. ಜರ್ನಿ ಬ್ಯಾಂಡಿನಲ್ಲಿದ್ದ ಡ್ರಮ್ಮರ್ ಸ್ಟೀವ್ ಸ್ಮಿತ್ ಅಂಥವರು ದೊಡ್ಡವರಾದ ಮೇಲೆ ನಮ್ಮ ಕೊನ್ನಕ್ಕೋಲ್ (ತಾಳವನ್ನು ಬಾಯಲ್ಲಿ ಹೇಳುವ ಕಲೆ) ಕಲಿತದ್ದು ಸುಮ್ನೆ ಅಲ್ಲ.

1970ರ ಜನವರಿ 9ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತೆಗೆದ ವಿಡಿಯೋ ಸಿಗುತ್ತದೆ. ಬಾನಮ್‌ಗೆ ಆಗ 21. 'ಮೋಬಿ ಡಿಕ್' ಸೋಲೊದಲ್ಲಿ ಸ್ಟಿಕ್ ಬಿಟ್ಟು ಬರಿಗೈಯಲ್ಲಿ ನುಡಿಸುವುದನ್ನು ನೋಡಿ. ಡ್ರಮ್ಸ್ ಅಂದರೆ ಬರೀ ಗಟ್ಟಿಯಾಗಿ ಹೊಡೆಯುವುದು, ಬಾನಮ್ ಅಂದರೆ ಬರೀ ಶಕ್ತಿ ಅನ್ನುವವರಿಗೆ ಅಲ್ಲಿ ಉತ್ತರ ಸಿಗುತ್ತದೆ. ಅವರ ಡ್ರಮ್‌ಗಳು ದೊಡ್ಡವು, ಬೇಸ್ ಡ್ರಮ್ 26 ಇಂಚು. ಚರ್ಮ ಬಿಗಿ, ಒಳಗೆ ಬಟ್ಟೆ ತುರುಕಿ ಸದ್ದು ಅಡಗಿಸುವುದು ಕಡಿಮೆ. ಡ್ರಮ್ಮೇ ದನಿ ತೆಗೆಯುವಂತೆ ಇಟ್ಟಿದ್ದರು. ಅದಕ್ಕೇ ಅಷ್ಟು ಜೋರಾಗಿ ಕೇಳುತ್ತಿತ್ತು. ಬರೀ ತೋಳಿನಿಂದ ಆ ಸದ್ದು ಬರುವುದಿಲ್ಲ. ನೀವೂ ನಿಮ್ಮ ಕಿಟ್ಟಿನಲ್ಲಿ ತುರುಕಿರುವ ದಿಂಬನ್ನು ಒಂದು ದಿನ ತೆಗೆದು ನೋಡಿ.

ಬಾನಮ್ ಹೋದ ಮೇಲೆ ಝೆಪೆಲಿನ್ ಬೇರೆ ಡ್ರಮ್ಮರ್ ಹುಡುಕಲಿಲ್ಲ. ಅದೇ ವರ್ಷ ಡಿಸೆಂಬರ್ 4ರಂದು ಮುಂದುವರಿಯುವುದಿಲ್ಲ ಅಂತ ಹೇಳಿದರು. ಮೂವರೂ ಬದುಕಿದ್ದರು, ಲೋಕದ ಅತಿ ದೊಡ್ಡ ಬ್ಯಾಂಡು, ಕೇಳಿದ್ದರೆ ಯಾವ ಡ್ರಮ್ಮರ್ ಬೇಡ ಅನ್ನುತ್ತಿದ್ದ? ಆದರೂ ನಿಲ್ಲಿಸಿದರು. 2007ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಒಂದೇ ಒಂದು ಪೂರ್ತಿ ಕಛೇರಿ ಮಾಡಿದಾಗ ಡ್ರಮ್ಸ್ ಹಿಂದೆ ಕೂತದ್ದು ಬಾನಮ್ ಅವರ ಮಗ ಜೇಸನ್. ಚಾರ್ಲಿ ಹೋದ ಮೇಲೆ ಸ್ಟೋನ್ಸ್ ಸ್ಟೀವ್ ಜೋರ್ಡನ್ ಜೊತೆ ಮುಂದುವರಿದರು. ರಶ್‌ನವರೂ ಹತ್ತು ವರ್ಷ ಸುಮ್ಮನಿದ್ದು, 2025ರಲ್ಲಿ ಜರ್ಮನಿಯ ಅನಿಕಾ ನಿಲ್ಲೆಸ್ ಜೊತೆ ಮತ್ತೆ ವೇದಿಕೆ ಹತ್ತುವುದಾಗಿ ಹೇಳಿದರು. ಅದರಲ್ಲಿ ತಪ್ಪೇನಿಲ್ಲ, ನನಗೆ ಸಂತೋಷವೇ. ಅನಿಕಾ ಸೊಗಸಾಗಿ ನುಡಿಸುತ್ತಾರೆ. ಆದರೆ ನನ್ನ ತಕ್ಕಡಿ ಬಾನಮ್ ಕಡೆ ವಾಲುವುದಕ್ಕೆ ಇದೂ ಒಂದು ಕಾರಣ.

ದ ಹೂ ಬ್ಯಾಂಡಿನ ಕೀತ್ ಮೂನ್ ಹೆಸರು ನೀವು ಎತ್ತಲಿಲ್ಲ, ನಾನು ಎತ್ತಲೇಬೇಕು. ಬ್ಯಾಂಡಿನಲ್ಲಿ ಒಬ್ಬರ ಜಾಗ ಎಷ್ಟು ಅಂತ ಅಷ್ಟು ಚೆನ್ನಾಗಿ ತೋರಿಸುವ ಕಥೆ ಇನ್ನೊಂದಿಲ್ಲ. 1973ರ ನವೆಂಬರ್ 20, ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಕೌ ಪ್ಯಾಲೇಸ್. ಮೂನ್ ನುಡಿಸುತ್ತಲೇ ಕುಸಿದರು. ಒಳಗೆ ಒಯ್ದು ಎಬ್ಬಿಸಿ ಕರೆತಂದರು. ಮತ್ತೆ ಕುಸಿದರು. ಪೀಟ್ ಟೌನ್‌ಶೆಂಡ್ ಮೈಕಿಗೆ ಬಂದು ಡ್ರಮ್ಸ್ ಚೆನ್ನಾಗಿ ಬರುವವರು ಯಾರಾದರೂ ಇದ್ದೀರಾ ಅಂತ ಸಭೆಯನ್ನೇ ಕೇಳಿದರು. ಸ್ಕಾಟ್ ಹಾಲ್ಪಿನ್ ಅನ್ನುವ 19ರ ಹುಡುಗ ಹತ್ತಿ ಕೂತ, ಕಛೇರಿ ಮುಗಿಸಿಕೊಟ್ಟ. ನಾನಾಗಿದ್ದರೆ ಕಾಲು ನಡುಗಿ ಪೆಡಲ್ ಸಿಗುತ್ತಿರಲಿಲ್ಲ. ಆ ಹುಡುಗ ಬೀಟ್ ಬಿಡಲಿಲ್ಲ. ಆದರೆ ಮೂನ್ ಮಾಡುತ್ತಿದ್ದದ್ದು ಬೀಟ್ ಹಿಡಿಯುವ ಕೆಲಸ ಅಲ್ಲವೇ ಅಲ್ಲ. ಹೈ-ಹ್ಯಾಟ್ ಹತ್ತಿರ ಹೋಗುವುದೇ ಕಡಿಮೆ. ಸಿಂಬಲ್, ಟಾಮ್‌ಗಳ ಮೇಲೆ ಉರುಳುತ್ತಾ ಟೌನ್‌ಶೆಂಡ್ ಗಿಟಾರಿಗೆ, ಹಾಡುವವರ ಮಾತಿಗೆ ಎದುರುತ್ತರ ಕೊಡುತ್ತಿದ್ದರು. ಸಿಂಥಸೈಜರ್ ಟೇಪಿನ ಜೊತೆ ನುಡಿಸಬೇಕಾದ ಹಾಡುಗಳಿಗೆ ಮಾತ್ರ ಹೆಡ್‌ಫೋನನ್ನು ತಲೆಗೆ ಟೇಪ್ ಹಾಕಿ ಬಿಗಿದುಕೊಂಡು ಕೂರುತ್ತಿದ್ದರು, ಅಷ್ಟು ಅಲ್ಲಾಡುತ್ತಿತ್ತು ಆ ತಲೆ. 1978ರಲ್ಲಿ ಅವರು ತೀರಿಕೊಂಡ ಮೇಲೆ ಬ್ಯಾಂಡ್ ಇತ್ತು, ಒಳ್ಳೆಯ ಡ್ರಮ್ಮರ್ ಕೂಡ ಬಂದರು. ಆ ಜಗಳ ಮಾತ್ರ ಬರಲಿಲ್ಲ. ಹೂ ಬ್ಯಾಂಡಿನ ಸೊಗಸು ಇದ್ದದ್ದೇ ಆ ಜಗಳದಲ್ಲಿ.

ಬೀಟಲ್ಸ್ ಬ್ಯಾಂಡಿನ ಡ್ರಮ್ಮರ್ ರಿಂಗೋ ಸ್ಟಾರ್ ಅವರನ್ನು ಹಗುರ ಮಾಡುವವರಿಗೆ ಒಂದೇ ಮಾತು. 1965ರ ಆಗಸ್ಟ್ 15, ನ್ಯೂಯಾರ್ಕಿನ ಶೇ ಸ್ಟೇಡಿಯಂ, 55,000ಕ್ಕೂ ಮೀರಿದ ಜನ, ಕಿವಿಗಡಚಿಕ್ಕುವ ಕಿರುಚಾಟ. ವೇದಿಕೆಯ ಮೇಲೆ ತಮ್ಮ ದನಿ ತಮಗೆ ಕೇಳುವ ಸ್ಪೀಕರ್ ಆಗ ಇರಲಿಲ್ಲ. ಮುಂದೆ ನಿಂತವರ ಮೈ, ತಲೆ ಅಲ್ಲಾಡುವುದನ್ನು ನೋಡಿಕೊಂಡು ರಿಂಗೋ ಹಾಡನ್ನು ಹಿಡಿದರು. ಅವರು ಎಡಚರು, ಬಲಗೈಯವರ ಕಿಟ್ ನುಡಿಸುವವರು. ಅವರ ಫಿಲ್‌ಗಳು ಬೇರೆ ಯಾರ ಥರವೂ ಇಲ್ಲದಿರುವುದಕ್ಕೆ ಅದೂ ಕಾರಣ.

ನಮ್ಮ ಅರಮನೆ ಮೈದಾನಕ್ಕೆ ಆಮೇಲೂ ದೊಡ್ಡವರು ಬಂದರು. 2007ರ ಮಾರ್ಚ್ 17ರಂದು ಐರನ್ ಮೇಡನ್. ಅವರ ಆಗಿನ ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಅವರ ಕಿಟ್ ಎಷ್ಟು ಎತ್ತರ ಅಂದರೆ ಮನುಷ್ಯ ಕಾಣುತ್ತಲೇ ಇರಲಿಲ್ಲ. ಆ ಗುಡ್ಡದ ಹಿಂದಿನಿಂದ ಒಂದೇ ಪೆಡಲಿನಲ್ಲಿ ಬರುವ ಬೇಸ್ ಡ್ರಮ್ ಕೇಳಿ ನನ್ನ ಪಕ್ಕದಲ್ಲಿದ್ದ ಇಬ್ಬರು ಶಿಷ್ಯರು ಎರಡು ಪೆಡಲ್ ಅಂತ ವಾದಕ್ಕೆ ನಿಂತರು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಲಾರ್ಸ್ ಉಲ್ರಿಕ್ ಬಗ್ಗೆ ಕೆಟ್ಟದಾಗಿ ಮಾತಾಡುವುದು ಡ್ರಮ್ಮರ್‌ಗಳಲ್ಲಿ ಒಂದು ಚಟವಾಗಿದೆ. ಟೆಂಪೊ ಓಡುತ್ತದೆ ಅನ್ನುತ್ತಾರೆ. ಓಡಲಿ. ಹಾಡು ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಅಂತ ಆ ಬ್ಯಾಂಡಿಗೆ ಹೇಳುವ ಕೈ ಅವರದು. ಅವತ್ತು ಮೈದಾನ ಇಡೀ ಆ ಕೈ ಹಿಂದೆ ಹೋಯಿತು.

ನಿಮಗೆ ಒಂದು ಕೆಲಸ ಕೊಡುತ್ತೇನೆ. ಮನೆಯಲ್ಲೋ ಕ್ಲಾಸಿನಲ್ಲೋ ಮೆಟ್ಟಿಲು ಇದ್ದರೆ ಕಿಟ್ಟನ್ನು ಅದರ ಬುಡದಲ್ಲಿ ಇಡಿ. ಫೋನಿನಲ್ಲಿ ರೆಕಾರ್ಡಿಂಗ್ ಶುರು ಮಾಡಿ ಮೇಲಿನ ಮೆಟ್ಟಿಲಲ್ಲಿ ಇಟ್ಟು ಬನ್ನಿ. ಮಾವನನ್ನು ಅಲ್ಲೇ ಫೋನ್ ಪಕ್ಕ ಕೂರಿಸಿ, ನಿಮ್ಮ ಕೈ ಅವರಿಗೆ ಕಾಣದ ಹಾಗೆ. ವೇಗ ತೋರಿಸುವ ಕ್ಲಿಕ್ ಸದ್ದು ಬೇಡ, ಹಿನ್ನೆಲೆ ಹಾಡು ಬೇಡ. ಚಾರ್ಲಿಯ ಬೀಟ್, ಮೂರನೇ ಮತ್ತು ಏಳನೇ ಪೆಟ್ಟಿಗೆ ಕೈ ಎತ್ತಿ, ಐದು ನಿಮಿಷ. ಕೈ ಎತ್ತುವುದು ನೀವು ಯಾವಾಗ ಮರೆತಿರಿ ಅನ್ನುವುದನ್ನು ಮಾವ ನೋಡದೆಯೇ ಹೇಳುತ್ತಾರೆ. ಆಮೇಲೆ ನೀವು ಮೇಲೆ ಹೋಗಿ ಅವರ ಪಕ್ಕ ಕೂರಿ. 'ವೈ ವೈ ಝಡ್' ಹಾಕಿ, ಅವರ ಮೊಣಕಾಲ ಮೇಲೆ ಕೈ ಇಟ್ಟು, ಗುರು ಲಘು ಗುರು ಗುರು ಅಂತ ಎಣಿಸಿ ತೋರಿಸಿ.